ಲಕ್ವ ಹೊಡೆದವರಿಗೆ ಫೋನಿನಲ್ಲಿ ಫಿಸಿಯೋಥೆರಪಿ: ಮನೆಯವರು ಏನು ಕಲಿತಿರಬೇಕು

ಅಪ್ಪನಿಗೆ ಲಕ್ವ ಹೊಡೆದು 11ನೇ ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಬಲಗೈ ಪೂರ್ತಿ ಸೋತಿತ್ತು, ಬಲಗಾಲು ಅರ್ಧ. ನಮ್ಮ ಕೈಗೆ ಸಿಕ್ಕಿದ್ದು ಒಂದು ಫೈಲು, ಒಂದು ಚೀಲ ಮಾತ್ರೆ, ಡಿಸ್ಚಾರ್ಜ್ ಸಮರಿಯ ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಅನ್ನುವ ಒಂದೇ ಸಾಲು. ಎಲ್ಲಿ ಮುಂದುವರಿಸುವುದು? ನಮ್ಮ ಮನೆ ತೀರ್ಥಹಳ್ಳಿಯಿಂದ ಇನ್ನೂ ಒಳಗೆ. ಶಿವಮೊಗ್ಗಕ್ಕೆ ಹೋಗಿ ಬಂದರೆ ದಿನವೇ ಮುಗಿಯುತ್ತದೆ, ಕಾರಿಗೆ ಹತ್ತಿಸಿ ಇಳಿಸಲು ಇಬ್ಬರು ಬೇಕು, ಅಲ್ಲಿ ತಲುಪುವಷ್ಟರಲ್ಲಿ ಅಪ್ಪ ಸುಸ್ತಾಗಿ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು. ಕೊನೆಗೆ ಮೈಸೂರಿನ ಒಬ್ಬ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡಿ, ವಾರಕ್ಕೆ ಮೂರು ದಿನ ವಿಡಿಯೋ ಕಾಲ್‌ನಲ್ಲಿ ಶುರು ಮಾಡಿದೆವು. ಎಂಟು ತಿಂಗಳು ನಡೆಯಿತು, ಈಗಲೂ ತಿಂಗಳಿಗೊಂದು ಕಾಲ್ ಇದೆ.

ಇದನ್ನು ಬರೆಯುತ್ತಿರುವುದು ಇದೇ ಸ್ಥಿತಿಯಲ್ಲಿರುವ ಮನೆಗಳಿಗೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫೋನಿನ ಆಚೆ ಇರುವವರಿಗೆ ಕಣ್ಣು ಇರುತ್ತದೆ, ಕೈ ಇರುವುದಿಲ್ಲ. ಆ ಕೈ ಮನೆಯವರದ್ದು. ನಮ್ಮ ಮನೆಯಲ್ಲಿ ಅದು ಅಮ್ಮನದು. ನಾನು ಒಂದು ತಿಂಗಳು ರಜೆ ಹಾಕಿ ಇದ್ದು ವಾಪಸ್ ಬೆಂಗಳೂರಿಗೆ ಬಂದೆ, ಆಮೇಲೆ ಎಲ್ಲವನ್ನೂ ಮಾಡಿದ್ದು ಅಮ್ಮ ಮತ್ತು ಪಕ್ಕದ ಮನೆಯ ಒಬ್ಬ ಹುಡುಗ. ಒಳ್ಳೆ ಥೆರಪಿಸ್ಟ್ ಹುಡುಕುವುದಕ್ಕೆ ಎಷ್ಟು ಓಡಾಡುತ್ತೀರೋ, ಈ ಕೈಯನ್ನು ತಯಾರು ಮಾಡುವುದಕ್ಕೂ ಅಷ್ಟೇ ಸಮಯ ಕೊಡಿ.

ಆಸ್ಪತ್ರೆ ಬಿಡುವ ಮುಂಚೆ

ಡಿಸ್ಚಾರ್ಜ್ ದಿನ ಬಿಲ್ಲು, ಔಷಧಿ, ಗಾಡಿ ಅಂತ ಓಡಾಟದಲ್ಲೇ ಎಲ್ಲಾ ಮುಗಿದುಹೋಗುತ್ತದೆ. ಅದಕ್ಕೆ ಎರಡು ದಿನ ಮುಂಚೆಯೇ ವಾರ್ಡಿಗೆ ಬರುವ ಫಿಸಿಯೋ ಹತ್ತಿರ ಹೋಗಿ, ‘ಇವರನ್ನು ಮನೆಯಲ್ಲಿ ನೋಡಿಕೊಳ್ಳುವುದು ನಾನು, ನನ್ನ ಕೈಯಲ್ಲೇ ಒಂದು ಸಲ ಮಾಡಿಸಿ’ ಅಂತ ಕೇಳಿ. ಮಗ್ಗುಲು ಹೊರಳಿಸುವುದು, ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು, ಕುರ್ಚಿಗೆ ಸಾಗಿಸುವುದು. ಇಷ್ಟು ಸಾಕು. ಅವರ ಅನುಮತಿ ಕೇಳಿ ವಿಡಿಯೋ ಮಾಡಿಕೊಳ್ಳಿ. ನೋಡಿಕೊಳ್ಳುವವರೇ ಕಲಿಯಬೇಕು, ಆಸ್ಪತ್ರೆಗೆ ಬಂದುಹೋಗುವ ಅಳಿಯನೋ ಭಾವನೋ ಕಲಿತರೆ ಪ್ರಯೋಜನ ಇಲ್ಲ.

ನಮಗೆ ಇದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಗೆ ಬಂದ ಮೊದಲ ವಾರ ಅಪ್ಪನನ್ನು ಎಬ್ಬಿಸಲು ನಾನು ಅವರ ಬಲಗೈ ಹಿಡಿದು ಎಳೆಯುತ್ತಿದ್ದೆ, ಅಮ್ಮ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಸೋತ ಕೈಯ ಹೆಗಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲ ಆಗಿರುತ್ತವೆ, ಎಳೆದರೆ ತೋಳಿನ ಮೂಳೆ ಕೀಲಿನಿಂದ ಕೆಳಕ್ಕೆ ಜಾರುತ್ತದೆ. ಅಪ್ಪನಿಗೆ ಹೆಗಲು ನೋವು ಶುರುವಾಗಿ, ಎರಡು ತಿಂಗಳು ಕೈ ಮುಟ್ಟಲೂ ಬಿಡಲಿಲ್ಲ. ಅಷ್ಟು ದಿನದ ಕೈ ವ್ಯಾಯಾಮ ಹಾಳಾಯಿತು. ದಯವಿಟ್ಟು ಸೋತ ಕೈ ಹಿಡಿದು ಎಳೆಯಬೇಡಿ, ಕಂಕುಳಲ್ಲಿ ಎತ್ತಬೇಡಿ. ಸೊಂಟಕ್ಕೆ ಅಗಲವಾದ ಬೆಲ್ಟೋ ಗಟ್ಟಿಯಾಗಿ ಸುತ್ತಿದ ಟವೆಲ್ಲೋ ಕಟ್ಟಿ ಅಲ್ಲಿ ಹಿಡಿಯಿರಿ. ಕೂತಾಗ ಸೋತ ಕೈ ಕೆಳಗೆ ಜೋತಾಡದ ಹಾಗೆ ತೊಡೆಯ ಮೇಲೆ ದಿಂಬು ಇಟ್ಟು ಕೈ ಅದರ ಮೇಲಿರಲಿ.

ಡಾಕ್ಟರ್ ಹತ್ತಿರ ನಾಲ್ಕು ವಿಷಯ ಬರೆಸಿಕೊಳ್ಳಿ: ಬಿಪಿ ಎಷ್ಟಿದ್ದರೆ ವ್ಯಾಯಾಮ ಬೇಡ, ಊಟ ಯಾವ ಹದದಲ್ಲಿರಬೇಕು, ರೋಗಿಯನ್ನು ಎಬ್ಬಿಸಿ ನಿಲ್ಲಿಸಬಹುದಾ, ಮುಂದಿನ ಭೇಟಿ ಯಾವಾಗ. ವಿಡಿಯೋ ಕಾಲ್‌ನಲ್ಲಿ ಬರುವ ಥೆರಪಿಸ್ಟ್ ಮೊದಲು ಕೇಳುವುದೂ ಇದನ್ನೇ.

ಯಾರಿಗೆ ಫೋನ್ ಸಾಲದು

ಆಸರೆ ಕೊಟ್ಟರೂ ಕೂರಲು ಆಗದವರು, ಫಿಟ್ಸ್ ಬರುತ್ತಿರುವವರು, ಬಿಪಿ ಇನ್ನೂ ಹತೋಟಿಗೆ ಬರದವರು, ಹೇಳಿದ್ದು ಅರ್ಥವಾಗದಷ್ಟು ಗೊಂದಲದಲ್ಲಿರುವವರು: ಇವರಿಗೆ ಮನೆಗೇ ಬರುವ ಫಿಸಿಯೋ ಅಥವಾ ಆಸ್ಪತ್ರೆಯೇ ಬೇಕು. ಮನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರೂ ಇಲ್ಲ ಅಂದರೂ ಅಷ್ಟೇ. ಉಳಿದವರಿಗೂ ಮೊದಲ ಸಲ ಒಬ್ಬ ಫಿಸಿಯೋ ನೇರವಾಗಿ ನೋಡಿದರೆ ಒಳ್ಳೆಯದು. ಸ್ನಾಯುವಿನ ಬಿಗಿತ ಎಷ್ಟಿದೆ, ಕೀಲು ಎಲ್ಲಿ ಹಿಡಿದುಕೊಂಡಿದೆ ಅನ್ನುವುದು ಮುಟ್ಟಿ ನೋಡಿದರೆ ಮಾತ್ರ ಸರಿಯಾಗಿ ಗೊತ್ತಾಗುತ್ತದೆ. ನಾವು ತಾಲ್ಲೂಕಿನಲ್ಲೇ ಇದ್ದ ಒಬ್ಬರನ್ನು ಒಂದು ದಿನ ಕರೆಸಿ ಆ ಪರೀಕ್ಷೆ ಮಾಡಿಸಿ, ಅವರು ಬರೆದಿದ್ದನ್ನು ಮೈಸೂರಿಗೆ ಕಳಿಸಿದೆವು.

ಥೆರಪಿಸ್ಟ್ ಆಯ್ಕೆ ಮಾಡುವಾಗ ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿಯ ಪದವಿಗಳು) ಓದಿದ್ದಾರಾ, ಲಕ್ವದ ರೋಗಿಗಳನ್ನು ನೋಡಿ ಅಭ್ಯಾಸ ಇದೆಯಾ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಕನ್ನಡ ಬರುವವರೇ ಆಗಲಿ. ‘ಭುಜ ಹಿಂದೆ ಎಳೀರಿ’ ಅನ್ನುವುದು ತಕ್ಷಣ ತಲೆಗೆ ಹೋಗಬೇಕು, ಮಧ್ಯೆ ಒಬ್ಬರು ಅನುವಾದ ಮಾಡುತ್ತಾ ಕೂತರೆ ಅಷ್ಟರಲ್ಲಿ ರೋಗಿ ವಾಲಿರುತ್ತಾರೆ. ಪ್ರತಿ ಸಲ ಅದೇ ವ್ಯಕ್ತಿ ಬರಬೇಕು. ಡಿಸ್ಚಾರ್ಜ್ ಸಮರಿಯನ್ನೇ ಕೇಳದೆ, ಎಲ್ಲರಿಗೂ ಕಳಿಸುವ ಒಂದು ವ್ಯಾಯಾಮದ ಪಟ್ಟಿ ಕಳಿಸಿ ‘ಇದನ್ನು ಮಾಡಿ’ ಅಂದರೆ ಅವರನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಇನ್ನು ಬಿಪಿ, ಶುಗರ್ ಮಾತ್ರೆ ಬಗ್ಗೆ ಮಧ್ಯೆ ಡಾಕ್ಟರನ್ನು ಕೇಳಬೇಕಾದರೆ ಸರ್ಕಾರದ ಇ-ಸಂಜೀವಿನಿ ಇದೆ, ಫೋನಿನಲ್ಲೇ ಉಚಿತವಾಗಿ ನೋಡುತ್ತಾರೆ.

ಜಾಗ ಮತ್ತು ಫೋನು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನಮ್ಮ ಮೊದಲ ಎರಡು ಕಾಲ್ ಬರೀ ಇದರಲ್ಲೇ ಹೋಯಿತು.

ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಹಿಡಿದವರ ಎರಡೂ ಕೈ ರೋಗಿಗೆ ಬೇಕು. ಒಂದು ಸ್ಟ್ಯಾಂಡ್ ತಗೊಳ್ಳಿ, ಇಲ್ಲದಿದ್ದರೆ ಸ್ಟೂಲಿನ ಮೇಲೆ ಅಕ್ಕಿ ತುಂಬಿದ ಡಬ್ಬ ಇಟ್ಟು ಅದಕ್ಕೆ ಒರಗಿಸಿ. ಫೋನ್ ಅಡ್ಡ ಇರಲಿ, ಸೊಂಟದ ಎತ್ತರದಲ್ಲಿರಲಿ, ಆರೇಳು ಅಡಿ ದೂರ ಇರಲಿ. ತಲೆಯಿಂದ ಪಾದದವರೆಗೆ ಕಾಣಬೇಕು. ಕಿಟಕಿ ರೋಗಿಯ ಬೆನ್ನ ಹಿಂದೆ ಇದ್ದರೆ ಆಚೆಯವರಿಗೆ ಬರೀ ಕಪ್ಪು ನೆರಳು ಕಾಣುತ್ತದೆ, ಅದಕ್ಕೆ ಬೆಳಕು ಫೋನಿನ ಹಿಂದಿನಿಂದ ಬರುವ ಹಾಗೆ ತಿರುಗಿಸಿ. ನಡೆಯುವುದನ್ನು ತೋರಿಸುವಾಗ ಮುಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ತೋರಿಸಬೇಕಾಗುತ್ತದೆ, ಆಗ ಫೋನ್ ಹಿಡಿಯಲು ಮಾತ್ರ ಮೂರನೆಯವರು ಬೇಕು.

ಪಂಚೆ, ಲುಂಗಿ ಬೇಡ. ಮೊಣಕಾಲು ಕಾಣುವ ಚಡ್ಡಿ, ಅರ್ಧ ತೋಳಿನ ಬನಿಯನ್ ಹಾಕಿಸಿ. ಅಪ್ಪ ಮೊದಲು ಒಪ್ಪಲಿಲ್ಲ, ಬೇರೆ ಹೆಂಗಸಿನ ಎದುರು ಚಡ್ಡಿ ಹೇಗೆ ಹಾಕಲಿ ಅಂದರು. ಆಮೇಲೆ ಥೆರಪಿಸ್ಟೇ, ‘ಅಂಕಲ್, ನನಗೆ ನಿಮ್ಮ ಮೊಣಕಾಲು ಹಿಂದಕ್ಕೆ ಒತ್ತುತ್ತಾ ಇಲ್ವಾ ಅಂತ ಕಾಣಲೇಬೇಕು’ ಅಂತ ಹೇಳಿದ ಮೇಲೆ ಒಪ್ಪಿದರು. ಅಂದಹಾಗೆ ಬಟ್ಟೆ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಸೋತ ಕೈ ಕೊನೆಗೆ. ಇದೊಂದು ಗೊತ್ತಿದ್ದರೆ ದಿನಾ ಬೆಳಗ್ಗಿನ ಅರ್ಧ ಗುದ್ದಾಟ ತಪ್ಪುತ್ತದೆ.

ನೆಲದ ಮೇಲಿನ ಚಾಪೆ, ಕಾಲೊರೆಸುವ ಬಟ್ಟೆ ಎಲ್ಲಾ ಎತ್ತಿಡಿ. ಕುರ್ಚಿಗೆ ಕೈ ಇರಬೇಕು, ಚಕ್ರ ಇರಬಾರದು, ಹಿಂಬದಿ ಗೋಡೆಗೆ ತಾಗಿರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಏಳುವಾಗ ಅದು ಹಿಂದಕ್ಕೆ ಜಾರುತ್ತದೆ. ಹಿಡಿಯುವವರು ಯಾವಾಗಲೂ ಸೋತ ಕಡೆಯೇ ನಿಲ್ಲಬೇಕು. ಕೋಲು ಚೆನ್ನಾಗಿರುವ ಕೈಯಲ್ಲಿ.

ಮೊದಲ ಸಲ ಸರಿಯಾಗಿ ಕಾಣುವ ಹಾಗೆ ಫೋನ್ ಇಟ್ಟ ದಿನ ನಡೆದಿದ್ದನ್ನು ಹೇಳುತ್ತೇನೆ. ಅಪ್ಪ ಕುರ್ಚಿಯಿಂದ ಏಳಲು ಹತ್ತು ದಿನದಿಂದ ಒದ್ದಾಡುತ್ತಿದ್ದರು, ನಾವು ಕಾಲಲ್ಲಿ ಶಕ್ತಿ ಇಲ್ಲ ಅಂದುಕೊಂಡಿದ್ದೆವು. ಥೆರಪಿಸ್ಟ್ ಅವರ ಕೈಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ‘ಆಂಟಿ, ಫೋನ್ ಸ್ವಲ್ಪ ಕೆಳಗೆ ಮಾಡಿ, ಪಾದ ತೋರಿಸಿ’ ಅಂದರು. ಅಪ್ಪನ ಬಲಪಾದ ಮೊಣಕಾಲಿಗಿಂತ ಒಂದು ಗೇಣು ಮುಂದಿತ್ತು. ಹಿಮ್ಮಡಿ ನೆಲಕ್ಕೆ ಊರಿರಲೇ ಇಲ್ಲ. ಅಮ್ಮ ಮೊಣಕಾಲೂರಿ ಕೂತು, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದು, ಹಿಮ್ಮಡಿ ಊರಿಸಿ ಒತ್ತಿ ಹಿಡಿದರು. ‘ಅಂಕಲ್, ಈಗ ಮುಂದಕ್ಕೆ ಬಗ್ಗಿ. ಇನ್ನೂ ಬಗ್ಗಿ. ಮೂಗು ಕಾಲಬೆರಳಿಗಿಂತ ಮುಂದೆ ಬರಲಿ, ಆಮೇಲೆ ಏಳಿ.’ ಅಪ್ಪ ಎದ್ದರು. ಎರಡು ಸೆಕೆಂಡು ನಿಂತು ಧೊಪ್ಪನೆ ಕೂತರು, ಆದರೆ ಎದ್ದಿದ್ದು ಅವರೇ. ನಾವು ಮೂವರು ಸೇರಿ ಎತ್ತುತ್ತಿದ್ದ ಮನುಷ್ಯ! ಅಮ್ಮ ನೆಲದಲ್ಲೇ ಕೂತು ಅಪ್ಪನ ಪಾದ ಬಿಡದೆ ಅತ್ತುಬಿಟ್ಟರು.

ಫೋನಿನಲ್ಲಿ ಏನಾಗುತ್ತದೆ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಆ ಪಾದ.

ನೆಟ್‌ವರ್ಕ್ ಬಗ್ಗೆ ಒಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ. ಅದಕ್ಕೆ ಥೆರಪಿಸ್ಟ್ ಜೊತೆ ಮೊದಲೇ ಮಾತಾಡಿಕೊಳ್ಳಿ: ಕಾಲ್ ಸಿಗದಿದ್ದರೆ ಏಳುವುದು, ನಾಲ್ಕು ಹೆಜ್ಜೆ ನಡೆಯುವುದು, ಕೈ ಎತ್ತುವುದು, ಒಂದೊಂದು ನಿಮಿಷದ ವಿಡಿಯೋ ಮಾಡಿ ಕಳಿಸುತ್ತೇವೆ, ನೀವು ನೋಡಿ ಧ್ವನಿ ಸಂದೇಶ ಕಳಿಸಿ ಅಂತ. ನಮ್ಮ ಆಷಾಢ ಪೂರ್ತಿ ಹೀಗೇ ನಡೆಯಿತು, ತೊಂದರೆ ಆಗಲಿಲ್ಲ. ಎಷ್ಟೋ ಸಲ ಲೈವ್ ಕಾಲ್‌ಗಿಂತ ಆ ವಿಡಿಯೋದಲ್ಲೇ ಅವರಿಗೆ ಜಾಸ್ತಿ ಕಂಡಿದ್ದೂ ಇದೆ, ನಿಲ್ಲಿಸಿ ನಿಲ್ಲಿಸಿ ನೋಡಬಹುದಲ್ವಾ.

ಕಾಲ್ ಇಲ್ಲದ ದಿನಗಳು

ನಮ್ಮ ಚಿಕ್ಕಪ್ಪ ಒಂದು ದಿನ ಕೇಳಿದರು, ‘ಎಲ್ಲಾ ಮಾಡಿಸೋದು ನೀವೇ ಆದ ಮೇಲೆ ಆ ಫೋನಿನವರಿಗೆ ದುಡ್ಡು ಯಾಕೆ ಕೊಡ್ತೀರಿ?’ ಪ್ರಶ್ನೆ ಸರಿಯಾಗೇ ಇತ್ತು. ಅದಕ್ಕೆ ಉತ್ತರ ಹುಡುಕುವಾಗ ಎರಡು ಅಧ್ಯಯನ ಸಿಕ್ಕವು. ಒಂದು ನಮ್ಮ ದೇಶದ್ದೇ. 14 ಆಸ್ಪತ್ರೆಗಳಲ್ಲಿ 1250 ಲಕ್ವದ ರೋಗಿಗಳನ್ನು ಸೇರಿಸಿ ಮಾಡಿದ್ದು, 2017ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು. ಅರ್ಧ ಜನರ ಮನೆಯವರಿಗೆ ತರಬೇತಿ ಕೊಟ್ಟು ಮನೆಯಲ್ಲೇ ವ್ಯಾಯಾಮ ಮಾಡಿಸಲು ಹೇಳಿದರು. ಆರು ತಿಂಗಳ ನಂತರ ನೋಡಿದರೆ, ಮಾಮೂಲಿ ಆರೈಕೆ ಸಿಕ್ಕವರಿಗಿಂತ ಇವರ ಸ್ಥಿತಿ ಮೇಲೇನೂ ಇರಲಿಲ್ಲ. ಇನ್ನೊಂದು ಅಮೆರಿಕದ್ದು, 2019ರದ್ದು, 124 ಜನರದ್ದು. ಅಲ್ಲಿ ಮನೆಯಲ್ಲೇ ಕೂತು ಇಂಟರ್ನೆಟ್ ಮೂಲಕ ಕೈಗೆ ಥೆರಪಿ ಪಡೆದವರು, ಕ್ಲಿನಿಕ್ಕಿಗೆ ಹೋಗಿ ಪಡೆದವರಷ್ಟೇ ಸುಧಾರಿಸಿದರು. 36 ಸೆಷನ್‌ಗಳಲ್ಲಿ 18ರಲ್ಲಿ ಥೆರಪಿಸ್ಟ್ ಎದುರಿಗಿದ್ದರು (ಮನೆಯಲ್ಲಿದ್ದವರಿಗೆ ವಿಡಿಯೋದಲ್ಲಿ), 18 ಅವರೇ ಮಾಡಿಕೊಂಡಿದ್ದು. ಎರಡೂ ಬೇರೆ ಬೇರೆ ಥರದ ಅಧ್ಯಯನ, ಪಕ್ಕಪಕ್ಕ ಇಟ್ಟು ತೂಗುವ ಹಾಗಿಲ್ಲ. ಆದರೂ ನನಗೆ ಅರ್ಥ ಆಗಿದ್ದು ಇಷ್ಟು: ಮನೆಯವರ ಪ್ರೀತಿ ಒಂದೇ ಸಾಲದು, ತಿಳಿದವರ ಕಣ್ಣು ಮೇಲಿಂದ ಮೇಲೆ ಬೀಳುತ್ತಿರಬೇಕು. ಹಾಗಂತ ವಾರಕ್ಕೆ ಮೂರು ಕಾಲ್ ಮಾಡಿ ಉಳಿದ ನಾಲ್ಕು ದಿನ ಸುಮ್ನೆ ಮಲಗಿಸಿದರೂ ಏನೂ ಆಗುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಬಿಪಿ (ಚೆನ್ನಾಗಿರುವ ಕೈಯಲ್ಲೇ ನೋಡಬೇಕು), ಯಾವ ವ್ಯಾಯಾಮ ಎಷ್ಟು ಸಲ, ಎಲ್ಲಿ ನೋವು, ನಿದ್ದೆ ಬಂತಾ, ಕಕ್ಕಸಿಗೆ ಹೋದರಾ. ಕಾಲ್ ಶುರುವಾಗುವ ಮುಂಚೆ ಆ ಪುಟದ ಫೋಟೋ ಕಳಿಸಿದರೆ ‘ಹೇಗಿದ್ದೀರಿ’ ಅಂತ ಕೇಳುವುದರಲ್ಲೇ ಹತ್ತು ನಿಮಿಷ ಹೋಗುವುದಿಲ್ಲ. ವ್ಯಾಯಾಮವನ್ನು ಒಂದೇ ಸಲ ಒಂದು ಗಂಟೆ ಮಾಡಿಸಬೇಡಿ. ಬೆಳಗ್ಗೆ ಕಾಫಿ ಆಗಿ ಸ್ವಲ್ಪ ಹೊತ್ತಿಗೆ, ಹನ್ನೊಂದಕ್ಕೆ, ಸಂಜೆ, ಹೀಗೆ ಹದಿನೈದಿಪ್ಪತ್ತು ನಿಮಿಷ ಮಾಡಿಸಿ. ಮಾಡುತ್ತಾ ಮಾತಾಡಲು ಆಗುವಷ್ಟು ಉಸಿರಿರಬೇಕು.

ಗುರಿ ಅಪ್ಪನದ್ದೇ ಇರಲಿ. ಥೆರಪಿಸ್ಟ್ ಮೊದಲ ದಿನ ‘ಏನು ಮಾಡಬೇಕು ಅಂತ ಆಸೆ’ ಅಂತ ಕೇಳಿದಾಗ ಅಪ್ಪ ಹೇಳಿದ್ದು ‘ದಣಪೆ ತನಕ ಹೋಗಬೇಕು’ ಅಂತ. ದಣಪೆ ಅಂದರೆ ನಮ್ಮ ಕಡೆ ಬೇಲಿಗೆ ಅಡ್ಡ ಗಳ ಹಾಕಿ ಮಾಡಿದ ಗೇಟು. ಜಗಲಿಯಿಂದ ಅಂಗಳ ದಾಟಿ ಅಲ್ಲಿವರೆಗೆ. ಆಮೇಲೆ ಪ್ರತಿ ವ್ಯಾಯಾಮವನ್ನೂ ಅದಕ್ಕೇ ಜೋಡಿಸಿದರು. ಜಗಲಿಯ ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಅನ್ನುವುದನ್ನು ಅಪ್ಪ ಮಗ್ಗಿಯ ಹಾಗೆ ಹೇಳಿಕೊಂಡು ಇಳಿಯುತ್ತಿದ್ದರು.

ನೋಡಲು ಬಂದವರು ಹೇಳುವುದನ್ನೆಲ್ಲಾ ಮಾಡಬೇಡಿ. ಮೆತ್ತನೆಯ ಚೆಂಡು ಕೊಟ್ಟು ‘ಒತ್ತುತ್ತಾ ಇರಿ’ ಅನ್ನುವವರು ತುಂಬಾ ಜನ. ಬೆರಳು ಮೊದಲೇ ಮಡಚಿಕೊಂಡು ಬಿಗಿಯಾಗಿರುವ ಕೈಗೆ ಅದು ಬಿಗಿತವನ್ನೇ ಹೆಚ್ಚಿಸಬಹುದು, ಅಂಥವರಿಗೆ ಬೇಕಾಗಿರುವುದು ಬೆರಳು ಬಿಡಿಸುವುದು. ಥೆರಪಿಸ್ಟನ್ನು ಕೇಳದೆ ಕೊಡಬೇಡಿ. ಸ್ಪರ್ಶ ಗೊತ್ತಾಗದ ಕೈಕಾಲಿಗೆ ಬಿಸಿ ಶಾಖ ಕೊಟ್ಟರೆ ಸುಟ್ಟು ಬೊಬ್ಬೆ ಎದ್ದರೂ ಅವರಿಗೆ ತಿಳಿಯುವುದಿಲ್ಲ. ಪಾರಿವಾಳದ ರಕ್ತ ಹಚ್ಚಿ ಅಂತ ನಮಗೂ ಇಬ್ಬರು ಹೇಳಿದರು. ಅದರಿಂದ ಏನೂ ಆಗುವುದಿಲ್ಲ, ಬೇಡ ಅಂತ ಗಟ್ಟಿಯಾಗಿ ಹೇಳಿ.

ಒಂದು ಉಪಾಯ ಮಾತ್ರ ನಮಗೆ ತುಂಬಾ ಹಿಡಿಸಿತು. ಕನ್ನಡಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಸೋತ ಕೈ ಅದರ ಹಿಂದೆ, ಚೆನ್ನಾಗಿರುವ ಕೈ ಮುಂದೆ ಇಡಬೇಕು. ಚೆನ್ನಾಗಿರುವ ಕೈ ಆಡಿಸುತ್ತಾ ಕನ್ನಡಿ ನೋಡಿದರೆ ಸೋತ ಕೈಯೇ ಆಡಿದ ಹಾಗೆ ಕಾಣುತ್ತದೆ, ಮಿದುಳಿಗೆ ಅದರಿಂದ ಸಹಾಯ ಆಗುತ್ತದೆ. ಫಿಸಿಯೋಗಳು ಬಳಸುವ ಕ್ರಮವೇ ಇದು, ಖರ್ಚಿಲ್ಲ, ವಿಡಿಯೋ ಕಾಲ್‌ನಲ್ಲಿ ಸುಲಭವಾಗಿ ಹೇಳಿಕೊಡುತ್ತಾರೆ.

ಊಟ, ಮಾತು, ಮನಸ್ಸು

ಊಟ ನೆಟ್ಟಗೆ ಕೂರಿಸಿಯೇ ಆಗಬೇಕು, ಆದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ನೀರು ಕುಡಿದ ತಕ್ಷಣ ಕೆಮ್ಮು, ಗಂಟಲಲ್ಲಿ ಗೊರಗೊರ ಧ್ವನಿ ಬಂದರೆ ಅದು ಶ್ವಾಸಕೋಶದ ಕಡೆ ಹೋಗುತ್ತಿದೆ ಅಂತ ಅನುಮಾನ ಪಡಿ. ಬಾಯಿಗೆ ಕೊಡುವುದನ್ನು ನಿಲ್ಲಿಸಿ ಡಾಕ್ಟರಿಗೆ ಹೇಳಿ. ನುಂಗುವುದನ್ನು ನೇರವಾಗಿ ಪರೀಕ್ಷಿಸದೆ ಫೋನಿನಲ್ಲಿ ಪ್ರಯೋಗ ಬೇಡ.

ಮಾತು ಹೋಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಿ. ದೂರದವರಿಗೆ ವಿಡಿಯೋ ಮೂಲಕವೂ ಮಾತಿನ ಥೆರಪಿ ಕೊಡುತ್ತಾರೆ. ಮನೆಯಲ್ಲಿ ಅವರ ವಾಕ್ಯವನ್ನು ನೀವು ಮುಗಿಸಬೇಡಿ, ಕಾಯಿರಿ. ‘ಕಾಫಿ ಬೇಕಾ, ಟೀ ಬೇಕಾ’ ಅಂತ ಎರಡನ್ನೂ ತೋರಿಸಿ ಕೇಳಿ. ಮಾತು ಬರದವರೂ ಎಷ್ಟೋ ಸಲ ಗೊತ್ತಿರುವ ಹಾಡು, ಭಜನೆಯ ಜೊತೆ ದನಿಗೂಡಿಸುತ್ತಾರೆ, ಅದನ್ನು ಥೆರಪಿಸ್ಟಿಗೆ ತಪ್ಪದೆ ತಿಳಿಸಿ.

ಲಕ್ವ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ವ್ಯಾಯಾಮ ಬೇಡ ಅನ್ನುವುದು, ಗೋಡೆ ಕಡೆ ತಿರುಗಿ ಮಲಗುವುದು, ಸುಮ್ಮಸುಮ್ಮನೆ ಅಳುವುದು ಎಲ್ಲಾ ಹಟ ಅಲ್ಲ, ಅದಕ್ಕೂ ಚಿಕಿತ್ಸೆ ಇದೆ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಕರೆ ಮಾಡಬಹುದು. ಅಮ್ಮ ನಾಲ್ಕನೇ ತಿಂಗಳಲ್ಲಿ ಮಾಡಿದರು. ಅವರ ಬೆನ್ನು ನೋವಿಗೆ ಥೆರಪಿಸ್ಟ್ ಐದು ನಿಮಿಷದ ವ್ಯಾಯಾಮ ಬೇರೆಯೇ ಹೇಳಿಕೊಟ್ಟರು. ನೀವೂ ಕೇಳಿ ಕಲಿತುಕೊಳ್ಳಿ, ಎತ್ತಿ ಇಳಿಸುವ ಬೆನ್ನು ಅದೊಂದೇ ಇರುವುದು.

ಫೋನ್ ಇಟ್ಟು ಆಸ್ಪತ್ರೆಗೆ ಓಡಬೇಕಾದಾಗ

ಮುಖ ಸೊಟ್ಟ ಆಗುವುದು, ಇನ್ನೊಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ತಡೆಯಲಾಗದ ತಲೆನೋವು: ಥೆರಪಿಸ್ಟಿಗೆ ಕಾಲ್ ಮಾಡುತ್ತಾ ಕೂರಬೇಡಿ, 108ಕ್ಕೆ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅವರು ಕೊನೆಯ ಸಲ ಸರಿ ಇದ್ದದ್ದು ಎಷ್ಟು ಹೊತ್ತಿಗೆ ಅಂತ ಕೈ ಮೇಲೆ ಬರೆದುಕೊಂಡು ಹೊರಡಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋವಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಲೇಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಇದರ ಜೊತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಗಲೂ 108. ಬಿಪಿ 180/110 ದಾಟಿದ್ದರೆ ವ್ಯಾಯಾಮ ಬೇಡ, ಡಾಕ್ಟರಿಗೆ ಹೇಳಿ. ನಿಮ್ಮ ಡಾಕ್ಟರ್ ಇದಕ್ಕಿಂತ ಕಡಿಮೆ ಗೆರೆ ಹಾಕಿದ್ದರೆ ಅದೇ ಲೆಕ್ಕ. ಬಿದ್ದರೆ, ಗಾಯ ಕಾಣದಿದ್ದರೂ ತಿಳಿಸಿ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ತಲೆಗೆ ಪೆಟ್ಟಾಗಿದ್ದರೆ ನೇರ ಆಸ್ಪತ್ರೆ.

ಕಾಲ್ ಕಡಿಮೆ ಮಾಡುವುದು

ಮೊದಲ ಮೂರು ತಿಂಗಳು ಸುಧಾರಣೆ ಬೇಗ ಬೇಗ ಕಾಣುತ್ತದೆ, ಆಮೇಲೆ ನಿಧಾನ ಆಗುತ್ತದೆ. ನಿಧಾನ ಆಯಿತು ಅಂತ ಅಲ್ಲಿಗೇ ಬಿಟ್ಟವರನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ನಾವು ನಾಲ್ಕನೇ ತಿಂಗಳಿಂದ ವಾರಕ್ಕೆ ಎರಡು, ಆರರಿಂದ ಒಂದು, ಈಗ ತಿಂಗಳಿಗೊಂದು ಮಾಡಿಕೊಂಡಿದ್ದೇವೆ. ಕಡಿಮೆ ಮಾಡುವ ಮುಂಚೆ ಪ್ರತಿ ಸಲ ಒಂದೇ ಅಳತೆ ತೆಗೆದರು: ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆ. ಸೊನ್ನೆಯಿಂದ ಶುರುವಾಗಿ ಈಗ ಏಳಕ್ಕೆ ಬಂದಿದೆ. ಕೈ ಇನ್ನೂ ಪೂರ್ತಿ ಬಂದಿಲ್ಲ, ಲೋಟ ಹಿಡಿಯುತ್ತಾರೆ, ಗುಂಡಿ ಹಾಕಲು ಆಗುವುದಿಲ್ಲ. ದಣಪೆ ತನಕ ಹೋಗಿ ಬರುತ್ತಾರೆ, ಕೋಲು ಹಿಡಿದು, ಅಮ್ಮ ಬಲಗಡೆ. ಮುಂದಿನ ಕಾಲ್‌ಗೆ ದಣಪೆಯ ಗಳ ಸರಿಸುವುದನ್ನು ವಿಡಿಯೋ ಮಾಡಿ ಕಳಿಸಿ ಅಂದಿದ್ದಾರೆ.